ಮೊದಲು ಶೋಧಕ, ಆಮೇಲೆ ಸೂತ್ರ: ವರ್ಗ ಸಮೀಕರಣ ಬಿಡಿಸುವ ಜಾಡು

ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದ. ನಮ್ಮ ಬಡಾವಣೆಗಳಲ್ಲಿ ಸೈಟು ಎಂದೊಡನೆ ಮೊದಲು ಬಾಯಿಗೆ ಬರುವ ಅಳತೆ ಇದು. ಒಟ್ಟು 1200 ಚದರಡಿ. ನಾಲ್ಕೂ ಕಡೆ ಒಂದೇ ಅಳತೆಯ ಜಾಗ ಬಿಟ್ಟು, ಸರಿಯಾಗಿ ಅರ್ಧ ಸೈಟಿನಲ್ಲಿ, ಅಂದರೆ 600 ಚದರಡಿಯಲ್ಲಿ ಮನೆ ಕಟ್ಟಬೇಕು. ಎಷ್ಟಡಿ ಬಿಡಬೇಕು? ಬಿಡುವ ಜಾಗವನ್ನು ಯ ಅಡಿ ಎಂದಿಟ್ಟುಕೊಂಡರೆ ಮನೆಗೆ ಉಳಿಯುವ ಅಗಲ 30 − 2ಯ, ಉದ್ದ 40 − 2ಯ. ಇವೆರಡರ ಗುಣಲಬ್ಧ 600 ಆಗಬೇಕು. ಆವರಣ ಬಿಡಿಸಿ, ಎಲ್ಲವನ್ನೂ ಒಂದೇ ಕಡೆಗೆ ತಂದು, 4ರಿಂದ ಭಾಗಿಸಿದರೆ ಸಿಗುವುದು ಇಷ್ಟು:

ಯ² − 35ಯ + 150 = 0

ಗುಣಿಸಿದರೆ 150, ಕೂಡಿದರೆ 35 ಆಗುವ ಎರಡು ಸಂಖ್ಯೆಗಳು 5 ಮತ್ತು 30. ಆದ್ದರಿಂದ ಯ = 5 ಅಥವಾ ಯ = 30. ನಾಲ್ಕೂ ಕಡೆ 5 ಅಡಿ ಬಿಟ್ಟರೆ 20 ಅಡಿಗೆ 30 ಅಡಿಯ ಮನೆ, 600 ಚದರಡಿ. ಮೂವತ್ತಡಿ ಅಗಲದ ಸೈಟಿನಲ್ಲಿ ಎರಡು ಕಡೆಗೂ 30 ಅಡಿ ಬಿಡಲು ಬರುವುದಿಲ್ಲ, ಹಾಗಾಗಿ ಎರಡನೆಯ ಉತ್ತರವನ್ನು ಕೈಬಿಡಬೇಕು.

ಲೆಕ್ಕ ಇಷ್ಟು ಸಲೀಸಾಗಿ ಮುಗಿದದ್ದು ಸಂಖ್ಯೆಗಳು ಹೊಂದಿಕೊಂಡದ್ದರಿಂದ. ಮನೆ 600ರ ಬದಲು 700 ಚದರಡಿ ಬೇಕೆಂದರೆ ಸಮೀಕರಣ ಯ² − 35ಯ + 125 = 0 ಆಗುತ್ತದೆ. ಈಗ ಗುಣಿಸಿದರೆ 125, ಕೂಡಿದರೆ 35 ಆಗುವ ಪೂರ್ಣಾಂಕಗಳನ್ನು ಹುಡುಕುತ್ತ ಕೂತವರಿಗೆ ಹೊತ್ತು ಹೋಗುವುದೇ ಹೊರತು ಉತ್ತರ ಸಿಗುವುದಿಲ್ಲ. ಅಂಥ ಪೂರ್ಣಾಂಕಗಳೇ ಇಲ್ಲ, ಸೂತ್ರಕ್ಕೇ ಹೋಗಬೇಕು. ಹತ್ತನೇ ತರಗತಿಯ ಮಕ್ಕಳು ಸೂತ್ರವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ. ಕಷ್ಟ ಇರುವುದು ಸೂತ್ರದ ಆಚೆ ಈಚೆ: ಯಾವ ವಿಧಾನ ಹಿಡಿಯಬೇಕೆಂದು ತೀರ್ಮಾನಿಸುವ ಮೊದಲ ನಿಮಿಷದಲ್ಲಿ, ಮತ್ತು ಉತ್ತರವನ್ನು ಸರಳ ರೂಪಕ್ಕೆ ತರುವ ಕೊನೆಯ ಎರಡು ಸಾಲುಗಳಲ್ಲಿ. ಈ ಎರಡೂ ಕಡೆ ಕೈ ಹಿಡಿಯುವುದು ಒಂದೇ ಸಂಖ್ಯೆ, ಶೋಧಕ.

ಅಕ್ಷರಗಳ ಬಗ್ಗೆ ಒಂದು ಮಾತು. ಪಠ್ಯಪುಸ್ತಕದ ಎಕ್ಸ್ ಇಲ್ಲಿ ಯ ಆಗಿದೆ. ಎ, ಬಿ, ಸಿ ಎಂಬ ಸಹಗುಣಕಗಳು ಅ, ಬ, ಕ ಆಗಿವೆ. ಭಾಸ್ಕರಾಚಾರ್ಯರು ತಮ್ಮ ಬೀಜಗಣಿತ ಗ್ರಂಥದಲ್ಲಿ ತಿಳಿಯದ ರಾಶಿಯನ್ನು ‘ಯಾ’ ಎಂದೇ ಗುರುತಿಸುತ್ತಿದ್ದರು, ಹಾಗಾಗಿ ಇದು ಹೊಸ ಪದ್ಧತಿಯೇನಲ್ಲ. ಆದರ್ಶ ರೂಪ ಹೀಗೆ:

ಅಯ² + ಬಯ + ಕ = 0, ಇಲ್ಲಿ ಅ ಸೊನ್ನೆಯಲ್ಲ.

ಬ² − 4ಅಕ ಎಂಬುದು ಶೋಧಕ. ಸೂತ್ರದಲ್ಲಿ ವರ್ಗಮೂಲದ ಚಿಹ್ನೆಯ ಒಳಗೆ ಕೂರುವುದು ಇದೇ:

ಯ = (−ಬ ± √(ಬ² − 4ಅಕ)) / 2ಅ

ಶೋಧಕ ಏನೇನು ಹೇಳುತ್ತದೆ

ಶೋಧಕವನ್ನು ‘ಮೂಲಗಳ ಸ್ವಭಾವ’ ಎಂಬ ಬೇರೆಯೇ ಪ್ರಶ್ನೆಗೆ ಮೀಸಲಿಡುವುದು ತರಗತಿಗಳ ವಾಡಿಕೆ. ಅದು ಎಲ್ಲ ಲೆಕ್ಕದ ಮೊದಲ ಹೆಜ್ಜೆಯಾಗಬೇಕು. ಸಹಗುಣಕಗಳು ಪೂರ್ಣಾಂಕಗಳಾಗಿದ್ದಾಗ ಶೋಧಕ 1, 4, 9, 225, 529ರಂತೆ ಪೂರ್ಣ ವರ್ಗವಾದರೆ ಮೂಲಗಳು ಭಾಗಲಬ್ಧ ಸಂಖ್ಯೆಗಳು, ಅಪವರ್ತನ ಖಂಡಿತ ಆಗುತ್ತದೆ. ಧನ ಸಂಖ್ಯೆಯಾಗಿದ್ದು ಪೂರ್ಣ ವರ್ಗವಲ್ಲದಿದ್ದರೆ ಉತ್ತರದಲ್ಲಿ ಕರಣಿ, ಅಂದರೆ ಪೂರ್ತಿ ಬಿಡಿಸಲಾಗದ ವರ್ಗಮೂಲ, ಉಳಿಯುತ್ತದೆ; ಅಪವರ್ತನಕ್ಕೆ ತಡಕಾಡುವುದು ವ್ಯರ್ಥ. ಸೊನ್ನೆಯಾದರೆ ಎರಡೂ ಮೂಲಗಳು ಸಮ. ಋಣವಾದರೆ ವಾಸ್ತವ ಮೂಲಗಳಿಲ್ಲ.

ಮೇಲಿನ ಎರಡು ಮನೆಗಳನ್ನೇ ನೋಡಿ. ಮೊದಲನೆಯದರಲ್ಲಿ ಶೋಧಕ 1225 − 600 = 625, ಅಂದರೆ 25ರ ವರ್ಗ. ಎರಡನೆಯದರಲ್ಲಿ 1225 − 500 = 725; 26ರ ವರ್ಗ 676, 27ರದ್ದು 729, ನಡುವೆ ಬಿದ್ದ 725 ಪೂರ್ಣ ವರ್ಗವಲ್ಲ. ಹತ್ತು ಸೆಕೆಂಡಿನ ಈ ಕೆಲಸ ಹತ್ತು ನಿಮಿಷದ ಅಲೆದಾಟವನ್ನು ಉಳಿಸುತ್ತದೆ. ಇದಕ್ಕೆ ಬೇಕಾದ ಬಂಡವಾಳ 30ರವರೆಗಿನ ವರ್ಗಗಳು ಬಾಯಲ್ಲಿರುವುದು, ಅಷ್ಟೇ. ಮಗ್ಗಿ ಕಲಿತ ಹಾಗೆ ಅದನ್ನೂ ಒಮ್ಮೆ ಕಲಿತುಬಿಡಬೇಕು.

ತಪ್ಪು ಹಿಡಿಯುವುದಕ್ಕೂ ಶೋಧಕ ನೆರವಾಗುತ್ತದೆ. ಸಹಗುಣಕಗಳೆಲ್ಲ ಪೂರ್ಣಾಂಕಗಳಾಗಿದ್ದು ಶೋಧಕ ಧನವಾಗಿದ್ದರೆ, ಅದನ್ನು 4ರಿಂದ ಭಾಗಿಸಿದಾಗ ಶೇಷ 0 ಅಥವಾ 1 ಮಾತ್ರ ಬರಲು ಸಾಧ್ಯ. ಕಾರಣ ಸರಳ: 4ಅಕ ಯಾವಾಗಲೂ 4ರ ಅಪವರ್ತ್ಯ, ಬ ಸಮ ಸಂಖ್ಯೆಯಾದರೆ ಬ² ಕೂಡ 4ರ ಅಪವರ್ತ್ಯ, ಬೆಸವಾದರೆ ಬ² ಯಾವಾಗಲೂ 4ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು. ಹಾಗಾಗಿ ಲೆಕ್ಕದಲ್ಲಿ ಶೋಧಕ 38 ಅಂತಲೋ 47 ಅಂತಲೋ ಬಂದರೆ ಮುಂದೆ ಹೋಗುವುದೇ ಬೇಡ, ಗುಣಾಕಾರದಲ್ಲೋ ಕಳೆಯುವುದರಲ್ಲೋ ಎಡವಿದೆ ಎಂದೇ ಅರ್ಥ.

ಮಧ್ಯಪದ ಒಡೆಯುವ ದಾರಿ

ಶೋಧಕ ಪೂರ್ಣ ವರ್ಗ ಎಂದು ಗೊತ್ತಾಯಿತು, ಅಪವರ್ತನ ಮಾಡಬೇಕು. ಆದರೆ ಮಧ್ಯಪದವನ್ನು ಯಾವ ಎರಡು ಭಾಗ ಮಾಡಬೇಕು ಎಂಬಲ್ಲಿ ಮಕ್ಕಳು ಊಹೆಗೆ ಬೀಳುತ್ತಾರೆ. 6ಯ² + 7ಯ − 20 = 0 ತೆಗೆದುಕೊಳ್ಳಿ. ಗುಣಲಬ್ಧ −120, ಮೊತ್ತ 7. ಎಷ್ಟು ಜೋಡಿ ಹುಡುಕಬೇಕು! ಶೋಧಕ ಹೇಗೂ ಕೈಯಲ್ಲಿದೆ: 49 + 480 = 529, ಇದರ ವರ್ಗಮೂಲ 23. ಬೇಕಾದ ಎರಡು ಭಾಗಗಳು (7 + 23)/2 ಮತ್ತು (7 − 23)/2, ಅಂದರೆ 15 ಮತ್ತು −8. ಊಹೆಯ ಮಾತೇ ಇಲ್ಲ.

6ಯ² + 15ಯ − 8ಯ − 20 = 3ಯ(2ಯ + 5) − 4(2ಯ + 5) = (2ಯ + 5)(3ಯ − 4)

ಮೂಲಗಳು −5/2 ಮತ್ತು 4/3. ಅಪವರ್ತನ ವಿಧಾನದಿಂದಲೇ ಬಿಡಿಸಿ ಎಂದು ಪ್ರಶ್ನೆಯಲ್ಲಿ ಕೇಳಿದಾಗಲೂ ರಫ್ ಜಾಗದಲ್ಲಿ ಶೋಧಕ ಹಾಕಿ ಈ ಭಾಗಗಳನ್ನು ಕಂಡುಕೊಳ್ಳಬಹುದು, ಉತ್ತರದಲ್ಲಿ ಅಪವರ್ತನದ ಹೆಜ್ಜೆಗಳನ್ನಷ್ಟೇ ಬರೆದರೆ ಸಾಕು.

ಅಪವರ್ತನದಲ್ಲಿ ಎರಡು ಹಳ್ಳಗಳಿವೆ. ಯ² = 5ಯ ಎಂದಿದ್ದಾಗ ಎರಡೂ ಬದಿಯನ್ನು ಯ ಇಂದ ಭಾಗಿಸಿ ಯ = 5 ಎಂದು ಮುಗಿಸುವುದು ಒಂದು. ಹೀಗೆ ಮಾಡಿದರೆ ಯ = 0 ಎಂಬ ಇನ್ನೊಂದು ಮೂಲ ಕಳೆದುಹೋಗುತ್ತದೆ; ಎಲ್ಲವನ್ನೂ ಎಡಕ್ಕೆ ತಂದು ಯ(ಯ − 5) = 0 ಎಂದು ಬರೆಯಬೇಕು. (ಯ − 2)(ಯ − 3) = 2 ಎಂದಿದ್ದಾಗ ಒಂದೊಂದು ಆವರಣವನ್ನೂ 2ಕ್ಕೆ ಸಮ ಮಾಡುವುದು ಇನ್ನೊಂದು. ಗುಣಲಬ್ಧ ಸೊನ್ನೆಯಾದರೆ ಮಾತ್ರ ಒಂದಾದರೂ ಅಪವರ್ತನ ಸೊನ್ನೆ ಎನ್ನಬಹುದು. 2ಕ್ಕೆ ಆ ಗುಣವಿಲ್ಲ. ಬಿಡಿಸಿ ಬರೆದರೆ ಯ² − 5ಯ + 4 = 0, ಮೂಲಗಳು 1 ಮತ್ತು 4.

ಸೂತ್ರ ಬಂದ ದಾರಿ

ಸೂತ್ರವನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯ ಗಾಬರಿಯಲ್ಲಿ ಒಂದು ಚಿಹ್ನೆ ಮರೆತರೆ ಕೈಚೆಲ್ಲುತ್ತಾರೆ. ಅದು ಹುಟ್ಟಿದ ಬಗೆ ಗೊತ್ತಿದ್ದವರಿಗೆ ಆ ಭಯವಿಲ್ಲ. ಬ್ರಹ್ಮಗುಪ್ತ ಕ್ರಿ.ಶ. 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಇದನ್ನು ಮಾತಿನ ನಿಯಮವಾಗಿ ಕೊಟ್ಟಿದ್ದಾನೆ. ನಂತರ ಬಂದ ಶ್ರೀಧರನ ವಿಧಾನ ಇನ್ನೂ ಚೊಕ್ಕ. ಶ್ರೀಧರನ ಬೀಜಗಣಿತ ಗ್ರಂಥ ಇಂದು ಸಿಗುವುದಿಲ್ಲ. ಭಾಸ್ಕರಾಚಾರ್ಯರು ತಮ್ಮ ಬೀಜಗಣಿತದಲ್ಲಿ ಆತನ ಹೆಸರು ಹೇಳಿ ಎತ್ತಿಕೊಂಡದ್ದರಿಂದ ನಿಯಮ ಉಳಿಯಿತು.

ನಿಯಮದಲ್ಲಿರುವುದು ಮೂರು ಕೆಲಸ. ಸ್ಥಿರಾಂಕವನ್ನು ಬಲಕ್ಕೆ ಕಳಿಸಿ ಎರಡೂ ಬದಿಯನ್ನು 4ಅ ಇಂದ ಗುಣಿಸುವುದು, ಎರಡೂ ಬದಿಗೆ ಬ² ಕೂಡಿಸುವುದು, ವರ್ಗಮೂಲ ತೆಗೆಯುವುದು.

4ಅ²ಯ² + 4ಅಬಯ + ಬ² = ಬ² − 4ಅಕ

ಎಡಗಡೆ ಇರುವುದು (2ಅಯ + ಬ) ಎಂಬುದರ ವರ್ಗ, ಬಲಗಡೆ ಶೋಧಕ. ವರ್ಗಮೂಲ ತೆಗೆದು ಬ ಕಳೆದು 2ಅ ಇಂದ ಭಾಗಿಸಿದರೆ ಸೂತ್ರ ಸಿದ್ಧ. ವರ್ಗ ಪೂರ್ಣಗೊಳಿಸುವ ವಿಧಾನವೆಂದು ಶಾಲೆಯಲ್ಲಿ ಕಲಿಸುವ ಕ್ರಮದಲ್ಲಿ ಮೊದಲು ಅ ಇಂದ ಭಾಗಿಸುತ್ತೇವೆ, ಆಗ ಭಿನ್ನರಾಶಿಗಳು ಮುತ್ತಿಕೊಳ್ಳುತ್ತವೆ. ಶ್ರೀಧರನು ಭಾಗಿಸುವ ಬದಲು ಗುಣಿಸಿದ, ಆದ್ದರಿಂದ ಕೊನೆಯ ಸಾಲಿನವರೆಗೂ ಭಿನ್ನರಾಶಿಯ ಸುಳಿವಿಲ್ಲ. ಕೈಲೆಕ್ಕ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಸಿಗಲಾರದು.

ಭಾಸ್ಕರಾಚಾರ್ಯರ ಲೀಲಾವತಿಯ ದುಂಬಿಗಳ ಲೆಕ್ಕದ ಮೇಲೆ ಇದನ್ನು ಹರಿಸಿ ನೋಡಬಹುದು. ಒಂದು ದುಂಬಿಗಳ ಹಿಂಡು. ಅದರ ಅರ್ಧದ ವರ್ಗಮೂಲದಷ್ಟು ಮಾಲತಿಯ ಕಡೆಗೆ ಹಾರಿದವು, ಇಡೀ ಹಿಂಡಿನ ಒಂಬತ್ತರಲ್ಲಿ ಎಂಟು ಭಾಗವೂ ಹೋಯಿತು. ಉಳಿದದ್ದು ರಾತ್ರಿ ತಾವರೆಯೊಳಗೆ ಸಿಕ್ಕಿಕೊಂಡ ಒಂದು ದುಂಬಿ ಮತ್ತು ಹೊರಗೆ ಅದಕ್ಕೆ ದನಿಗೂಡಿಸುತ್ತಿರುವ ಹೆಣ್ಣುದುಂಬಿ. ಒಟ್ಟು ಎಷ್ಟು? ಅರ್ಧದ ವರ್ಗಮೂಲವನ್ನೇ ಯ ಎಂದಿಟ್ಟರೆ ಹಿಂಡು 2ಯ². ಯ + (16/9)ಯ² + 2 = 2ಯ²; ಒಂಬತ್ತರಿಂದ ಗುಣಿಸಿ ಅಡಕ ಮಾಡಿದರೆ 2ಯ² − 9ಯ = 18. ಈಗ ಶ್ರೀಧರನ ಕ್ರಮ: 8ರಿಂದ ಗುಣಿಸಿ, 81 ಕೂಡಿಸಿ.

16ಯ² − 72ಯ + 81 = 144 + 81, ಅಂದರೆ (4ಯ − 9)² = 225

4ಯ − 9 = ±15, ಆದ್ದರಿಂದ ಯ = 6 ಅಥವಾ −3/2. ದುಂಬಿಗಳ ಎಣಿಕೆಗೆ ಋಣ ಸಂಖ್ಯೆ ಒಗ್ಗದು; ಯ = 6, ಹಿಂಡು 72. ತಾಳೆ ನೋಡಿ: 36ರ ವರ್ಗಮೂಲ 6, ಒಂಬತ್ತರಲ್ಲಿ ಎಂಟು ಭಾಗ 64, ಇನ್ನೆರಡು. ಕೂಡಿದರೆ 72. ಈ ಲೆಕ್ಕದಲ್ಲಿ ಕಲಿಯಬೇಕಾದದ್ದು ಯ ಯಾವುದಕ್ಕೆ ಇಡಬೇಕೆಂಬ ಜಾಣತನ. ಹಿಂಡಿಗೇ ಯ ಎಂದು ಇಟ್ಟಿದ್ದರೆ ವರ್ಗಮೂಲದ ಚಿಹ್ನೆಯನ್ನು ಹೊತ್ತುಕೊಂಡೇ ಸಾಗಬೇಕಿತ್ತು.

ಸೂತ್ರವನ್ನು ಇನ್ನೊಂದು ಬಗೆಯಲ್ಲೂ ಓದಬಹುದು. −ಬ/2ಅ ಎಂಬುದು ಎರಡು ಮೂಲಗಳ ಸರಾಸರಿ. ± ಚಿಹ್ನೆಯ ಮುಂದಿರುವುದು ಆ ಸರಾಸರಿಯಿಂದ ಎರಡೂ ಕಡೆಗೆ ಇರುವ ಸಮಾನ ಅಂತರ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಿತಜ್ಞ ಪೊ-ಶೆನ್ ಲೋ 2019ರಲ್ಲಿ ಇದನ್ನೇ ತರಗತಿಯ ವಿಧಾನವಾಗಿ ಪ್ರಚಾರಕ್ಕೆ ತಂದರು. ಮೊದಲ ಮನೆಯ ಸಮೀಕರಣದಲ್ಲಿ ಮೊತ್ತ 35, ಸರಾಸರಿ 17.5. ಸರಾಸರಿಯ ವರ್ಗ 306.25. ಅದರಿಂದ ಗುಣಲಬ್ಧ 150 ಕಳೆದರೆ 156.25, ಅದು 12.5ರ ವರ್ಗ. 17.5ಕ್ಕೆ 12.5 ಕೂಡಿದರೆ 30, ಕಳೆದರೆ 5. ಬಾಯಿಲೆಕ್ಕದಲ್ಲೇ ಮುಗಿಯಿತು. ಯ²ದ ಸಹಗುಣಕ 1 ಇದ್ದು ಮಧ್ಯಪದ ಸಮ ಸಂಖ್ಯೆಯಾಗಿದ್ದರಂತೂ ಇದರಷ್ಟು ಚುರುಕಾದ ದಾರಿ ಬೇರೆ ಇಲ್ಲ.

ಉತ್ತರವನ್ನು ಅಡಕ ಮಾಡುವುದು

ಸೂತ್ರಕ್ಕೆ ಬೆಲೆ ತುಂಬಿದ ಮೇಲೆ ಬರುವ ಸಾಲು ಇನ್ನೂ ಹಸಿ ಉತ್ತರ. 3ಯ² − 10ಯ + 5 = 0 ಎಂಬುದಕ್ಕೆ ಶೋಧಕ 100 − 60 = 40; ಆದ್ದರಿಂದ

ಯ = (10 ± √40) / 6

ಇಲ್ಲಿಗೇ ಪೆನ್ನು ಎತ್ತುವವರಿದ್ದಾರೆ. ಆದರೆ 40ರ ಒಳಗೆ 4 ಎಂಬ ಪೂರ್ಣ ವರ್ಗ ಅಡಗಿದೆ: √40 = √4 × √10 = 2√10. ಈಗ (10 ± 2√10)/6. ಅಂಶದ ಎರಡೂ ಪದಗಳಲ್ಲಿ 2 ಸಾಮಾನ್ಯ, ಛೇದದಲ್ಲೂ 2 ಇದೆ. ಹೊರತೆಗೆದು ಭಾಗಿಸಿದರೆ (5 ± √10)/3. ಇದು ಸರಳ ರೂಪ.

ಕೆಲಸ ಎರಡೇ: ಮೊದಲು ಕರಣಿಯನ್ನು ಚಿಕ್ಕದು ಮಾಡುವುದು, ಆಮೇಲೆ ಭಿನ್ನರಾಶಿಯನ್ನು ಚಿಕ್ಕದು ಮಾಡುವುದು. ಕ್ರಮ ಬದಲಾಗಬಾರದು. √40 ಹಾಗೇ ಇದ್ದಾಗ 10ನ್ನೂ 6ನ್ನೂ 2ರಿಂದ ಹೊಡೆದುಹಾಕಿ (5 ± √40)/3 ಎಂದು ಬರೆದರೆ ಅದು ಬೇರೆಯೇ ಸಂಖ್ಯೆ.

ಕರಣಿ ಚಿಕ್ಕದು ಮಾಡಲು 4, 9, 25, 49 ಎಂಬ ಅವಿಭಾಜ್ಯಗಳ ವರ್ಗಗಳಿಂದ ಒಂದೊಂದಾಗಿ ಭಾಗಿಸಿ ನೋಡಿದರೆ ಸಾಕು. 72 ಇದೆ ಎನ್ನಿ: 4ರಿಂದ 18, ಉಳಿದ 18 ಮತ್ತೆ 9ರಿಂದ 2. ಹೊರಗೆ ಬರುವುದು 2 × 3, ಒಳಗೆ ಉಳಿಯುವುದು 2; ಉತ್ತರ 6√2. ಒಂದೇ ಏಟಿಗೆ 36 ಕಾಣಿಸದಿದ್ದರೂ ಹೀಗೆ ಮೆಟ್ಟಿಲಿಳಿದು ಬಂದರೆ ತಪ್ಪುವುದಿಲ್ಲ. ಒಳಗೆ 33, 30, 21ರಂತೆ ಬೇರೆಬೇರೆ ಅವಿಭಾಜ್ಯಗಳ ಗುಣಲಬ್ಧ ಉಳಿದರೆ ಕರಣಿ ಇನ್ನು ಕರಗುವುದಿಲ್ಲ, ನಿಲ್ಲಿಸಬಹುದು.

ಹೊಡೆದುಹಾಕುವಲ್ಲಿ ಆಗುವ ತಪ್ಪುಗಳು ಹೆಚ್ಚುಕಮ್ಮಿ ಒಂದೇ ಜಾತಿಯವು. (4 + 2√3)/2 ಎಂಬುದನ್ನು 2 + 2√3 ಎಂದು ಬರೆಯುತ್ತಾರೆ. ಸರಿಯಾದದ್ದು 2 + √3. (6 + √3)/3 ಎಂಬುದನ್ನು 2 + √3 ಎನ್ನುತ್ತಾರೆ. ಅಲ್ಲಿ ಕರಣಿಯ ಮುಂದೆ 3 ಇಲ್ಲದ್ದರಿಂದ ಏನೂ ಹೊಡೆಯಲು ಬರುವುದಿಲ್ಲ. ಛೇದ ಇರುವುದು ಇಡೀ ಅಂಶಕ್ಕೆ, ಅದರ ಒಂದು ಪದಕ್ಕಲ್ಲ ಎಂಬುದನ್ನು ಮರೆತಾಗ ಎರಡೂ ಆಗುತ್ತವೆ. ಸಾಮಾನ್ಯ ಅಪವರ್ತನವನ್ನು ಆವರಣದ ಹೊರಗೆ ಬರೆದು, 2(2 + √3)/2 ಎಂದು ಒಂದು ಸಾಲು ಹೆಚ್ಚಿಗೆ ಹಾಕಿ, ಆಮೇಲೆ ಹೊಡೆಯುವ ಅಭ್ಯಾಸ ಬಂದರೆ ಈ ತಪ್ಪು ಹತ್ತಿರ ಸುಳಿಯುವುದಿಲ್ಲ. ಆ ಒಂದು ಸಾಲಿನ ಜಿಪುಣತನ ಮಾಡಬಾರದು.

ಬ ಸಮ ಸಂಖ್ಯೆಯಾಗಿದ್ದರೆ ಈ ತೊಂದರೆಯನ್ನೇ ತಪ್ಪಿಸುವ ದಾರಿಯಿದೆ. ಬ ಎಂಬುದರ ಅರ್ಧವನ್ನು ಮ ಎಂದು ಕರೆದರೆ ಸೂತ್ರದ 2 ಮತ್ತು 4 ಎರಡೂ ಮೊದಲೇ ಹೋಗಿ,

ಯ = (−ಮ ± √(ಮ² − ಅಕ)) / ಅ

ಎಂದಷ್ಟೇ ಉಳಿಯುತ್ತದೆ. ಮೇಲಿನ 3ಯ² − 10ಯ + 5 = 0 ಎಂಬುದರಲ್ಲಿ ಮ = −5; 25 − 15 = 10; ಉತ್ತರ (5 ± √10)/3, ನೇರವಾಗಿ. ಬ ಬೆಸವಾಗಿದ್ದು ಉತ್ತರದಲ್ಲಿ ಕರಣಿ ಇದ್ದರೆ, ಛೇದದ 2 ಎಂದಿಗೂ ಹೊಡೆದುಹೋಗುವುದಿಲ್ಲ. ಅದು ಹೋಯಿತೆಂದರೆ ಎಲ್ಲೋ ತಪ್ಪಿದೆ.

ಚಿಹ್ನೆಗಳ ಕಾಟವೂ ಉಂಟು. ಬ = −5 ಆದಾಗ −ಬ ಎಂಬುದು +5, ಬ² ಎಂಬುದು 25; ರಫ್ ಜಾಗದಲ್ಲಿ −25 ಬಂದರೆ ಆವರಣ ಹಾಕದೆ ವರ್ಗ ಮಾಡಿದ್ದಾರೆಂದೇ ತಿಳಿಯಬೇಕು. ಅ ಧನ, ಕ ಋಣ ಆದಾಗ −4ಅಕ ಕೂಡುವ ಲೆಕ್ಕವಾಗುತ್ತದೆ, ಶೋಧಕ ಬ² ಗಿಂತ ದೊಡ್ಡದಾಗಲೇಬೇಕು. ಇನ್ನು √(25 − 16) ಎಂಬುದು 5 − 4 ಅಲ್ಲ, 3. ವರ್ಗಮೂಲ ಕೂಡುವ ಕಳೆಯುವ ಪದಗಳ ಮೇಲೆ ಹಂಚಿಹೋಗುವುದಿಲ್ಲ, ಗುಣಾಕಾರ ಭಾಗಾಕಾರದ ಮೇಲೆ ಮಾತ್ರ ಹಂಚುತ್ತದೆ.

ಸಹಗುಣಕಗಳೇ ಕರಣಿಗಳಾಗಿದ್ದರೆ? ಹತ್ತನೇ ತರಗತಿಯ ಅಭ್ಯಾಸದಲ್ಲಿ ಬರುವ √2ಯ² + 7ಯ + 5√2 = 0 ನೋಡಿ ಬೆದರುವವರು ಬಹಳ. ಶೋಧಕ ಹಾಕಿದೊಡನೆ ಬೆದರಿಕೆ ಇಳಿಯುತ್ತದೆ: 4 × √2 × 5√2 = 40, ಆದ್ದರಿಂದ 49 − 40 = 9. ಯ = (−7 ± 3)/2√2, ಅಂದರೆ −4/2√2 ಅಥವಾ −10/2√2. ಮೊದಲನೆಯದು −2/√2. ಛೇದದ ಅಕರಣೀಕರಣಕ್ಕೆ ಅಂಶ ಛೇದ ಎರಡನ್ನೂ √2 ಇಂದ ಗುಣಿಸಿದರೆ −2√2/2 = −√2. ಎರಡನೆಯದು −5/√2, ಅದು −5√2/2 ಆಗುತ್ತದೆ. −5/√2 ಎಂದೇ ಬಿಟ್ಟರೂ ಬೆಲೆ ಒಂದೇ. ಆದರೆ ಎರಡು ಉತ್ತರಗಳನ್ನು ಹೋಲಿಸಲು, ದಶಮಾಂಶಕ್ಕೆ ತರಲು ಛೇದ ಪೂರ್ಣಾಂಕವಾಗಿದ್ದರೆ ಅನುಕೂಲ.

ಇನ್ನೂ ಒಂದು ಮೆಟ್ಟಿಲು ಮೇಲೆ, ಕರಣಿಯ ಒಳಗೆ ಕರಣಿ ಕೂತಿರುವ ಸಂದರ್ಭ. ಯ² − (√5 + √3)ಯ + √15 = 0. ಬ² = 8 + 2√15; 4√15 ಕಳೆದರೆ ಶೋಧಕ 8 − 2√15. ಇದರ ವರ್ಗಮೂಲ ತೆಗೆಯಲು ಕೂಡಿದರೆ 8, ಗುಣಿಸಿದರೆ 15 ಆಗುವ ಸಂಖ್ಯೆಗಳನ್ನು ಹುಡುಕಬೇಕು: 5 ಮತ್ತು 3. ಆಗ 8 − 2√15 ಎಂಬುದು (√5 − √3) ಎಂಬುದರ ವರ್ಗ. ಮೂಲಗಳು √5 ಮತ್ತು √3. ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಕರಣಿಗಳಿಗೆ ಪ್ರತ್ಯೇಕ ಪ್ರಕರಣವೇ ಇದೆ, ಇಂಥ ವರ್ಗಮೂಲಗಳ ಚರ್ಚೆ ಅಲ್ಲಿ ವಿಸ್ತಾರವಾಗಿದೆ.

ಪುಸ್ತಕದಲ್ಲಿ ಕರಣಿಯನ್ನು ಹಾಗೇ ಬಿಡಬೇಕು, ಏಕೆಂದರೆ ಅದೊಂದೇ ಪೂರ್ತಿ ಕರಾರುವಾಕ್ಕಾದ ಉತ್ತರ. ಕಟ್ಟಡದ ಜಾಗದಲ್ಲಿ ಹಾಗಲ್ಲ. 700 ಚದರಡಿಯ ಮನೆಗೆ ಶೋಧಕ 725 = 25 × 29; ಯ = (35 ± 5√29)/2. ಈ ಉತ್ತರವನ್ನು ಮೇಸ್ತ್ರಿಯ ಕೈಗೆ ಕೊಡಲಾಗದು. √29 ಎಂಬುದು 5.4ಕ್ಕಿಂತ ತುಸು ಕಡಿಮೆ, ಏಕೆಂದರೆ 5.4ರ ವರ್ಗ 29.16. 5.385 ಎಂದು ಹಿಡಿದರೆ 5√29 ಸುಮಾರು 26.93, ಚಿಕ್ಕ ಮೂಲ ಸುಮಾರು 4.04. ಟೇಪಿನ ಮೇಲೆ ಅದು ನಾಲ್ಕಡಿ ಅರ್ಧ ಅಂಗುಲ. ದಶಮಾಂಶಕ್ಕೆ ಇಳಿಯುವುದು ಕೊಟ್ಟಕೊನೆಯ ಸಾಲಿನಲ್ಲಿ ಮಾತ್ರ ಇರಬೇಕು. ನಡುವೆಯೇ √29ನ್ನು 5.4 ಎಂದು ದುಂಡಗೆ ಮಾಡಿಬಿಟ್ಟರೆ ಉತ್ತರ 4 ಅಡಿಗೆ ಇಳಿದು ಆ ಅರ್ಧ ಅಂಗುಲವೇ ಮಾಯವಾಗುತ್ತದೆ.

ಎರಡರಲ್ಲಿ ಯಾವುದು?

ಎರಡು ಮೂಲಗಳು ಬಂದ ಮೇಲೆ ಒಂದನ್ನು ಬಿಡುವುದು ಯಾವಾಗ ಎಂಬುದಕ್ಕೆ ಭಾಸ್ಕರಾಚಾರ್ಯರ ಬೀಜಗಣಿತದ ಎರಡು ಕಪಿಸೇನೆಗಳಿಗಿಂತ ಒಳ್ಳೆಯ ಪಾಠವಿಲ್ಲ. ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ಹುಟ್ಟಿದ ಅವರು 36ನೇ ವಯಸ್ಸಿನಲ್ಲಿ ಬೀಜಗಣಿತವೂ ಸೇರಿದ ಸಿದ್ಧಾಂತಶಿರೋಮಣಿ ರಚಿಸಿದರು. ಅವರು ಹೇಳಿಕೊಂಡಿರುವ ವಿಜ್ಜಡವಿಡ ಎಂಬ ಊರು ಇಂದಿನ ವಿಜಯಪುರವೆಂದು ಹಲವರು, ಮಹಾರಾಷ್ಟ್ರದ ಕಡೆಯ ಊರೆಂದು ಇನ್ನು ಕೆಲವರು ವಾದಿಸುತ್ತಾರೆ.

ಮೊದಲ ಲೆಕ್ಕದಲ್ಲಿ ಗುಂಪಿನ ಎಂಟನೇ ಒಂದು ಭಾಗದ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಬೆಟ್ಟದ ಮೇಲೆ ಕಿರುಚಾಡುತ್ತಿವೆ. (ಯ/8)² + 12 = ಯ; ಅಡಕ ಮಾಡಿದರೆ ಯ² − 64ಯ + 768 = 0. ಮೂಲಗಳು 48 ಮತ್ತು 16. 48ರ ಎಂಟನೇ ಭಾಗ 6, ವರ್ಗ 36, ಹನ್ನೆರಡು ಕೂಡಿದರೆ 48. 16ರ ಎಂಟನೇ ಭಾಗ 2, ವರ್ಗ 4, ಹನ್ನೆರಡು ಕೂಡಿದರೆ 16. ಎರಡೂ ಸಲ್ಲುತ್ತವೆ, ಯಾವುದನ್ನೂ ಬಿಡುವ ಹಕ್ಕು ನಮಗಿಲ್ಲ.

ಎರಡನೆಯದರಲ್ಲಿ ಗುಂಪಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು ವರ್ಗ ಮಾಡಿದಷ್ಟು ಕಪಿಗಳು ಗವಿಗೆ ಹೋದವು, ಒಂದು ಕೊಂಬೆಯ ಮೇಲೆ ಕಾಣುತ್ತಿದೆ. (ಯ/5 − 3)² + 1 = ಯ ಎಂಬುದು ಯ² − 55ಯ + 250 = 0 ಆಗಿ 50 ಮತ್ತು 5 ಸಿಗುತ್ತವೆ. ಎರಡೂ ಧನ ಸಂಖ್ಯೆಗಳೇ, ಎರಡೂ ಸಮೀಕರಣಕ್ಕೆ ಸರಿಹೊಂದುತ್ತವೆ. ಆದರೂ ಭಾಸ್ಕರಾಚಾರ್ಯರು 5ನ್ನು ಒಪ್ಪುವುದಿಲ್ಲ: ಐದರ ಐದನೇ ಭಾಗ 1, ಅದರಲ್ಲಿ 3 ಕಳೆದರೆ −2, ಇಲ್ಲದ ಕಪಿಗಳನ್ನು ಎಣಿಸಲಾಗದು. ಹೀಗಾಗಿ ಮೂಲ ಧನವೋ ಋಣವೋ ಎಂದಷ್ಟೇ ನೋಡಿ ಬಿಡಬಾರದು, ಅದನ್ನು ಲೆಕ್ಕದ ಮೂಲ ಮಾತುಗಳಿಗೆ ಹಾಕಿ ಪ್ರತಿ ಹಂತವೂ ಅರ್ಥ ಕೊಡುತ್ತದೆಯೇ ಎಂದು ನೋಡಬೇಕು. ಬಿಟ್ಟ ಮೂಲಕ್ಕೆ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯುವುದು ಉತ್ತರದ ಭಾಗವೇ ಹೌದು.

ಶೋಧಕ ಋಣವಾದಾಗಿನ ಮಾತನ್ನು ಸ್ಪಷ್ಟವಾಗಿ ಹೇಳಿದವರು ಮಹಾವೀರಾಚಾರ್ಯರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಅವರು ಬರೆದ ಗಣಿತಸಾರಸಂಗ್ರಹದಲ್ಲಿ ಋಣ ರಾಶಿ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬ ವಿಚಾರವಿದೆ. ಹತ್ತನೇ ತರಗತಿಯಲ್ಲಿ ಇಂದಿಗೂ ಅದೇ ಉತ್ತರ. ಪಿಯುಸಿಗೆ ಬಂದಾಗ −1ರ ವರ್ಗಮೂಲಕ್ಕೆ ಐ ಎಂದು ಹೆಸರಿಟ್ಟು ಮುಂದುವರಿಯುತ್ತಾರೆ. ಯ² − 4ಯ + 13 = 0 ಎಂಬಲ್ಲಿ ಶೋಧಕ −36, ಅದರ ವರ್ಗಮೂಲ 6ಐ, ಮೂಲಗಳು 2 ± 3ಐ. ಸರಳಗೊಳಿಸುವ ನಿಯಮಗಳು ಕರಣಿಯಲ್ಲಿದ್ದಂತೆಯೇ.

ತಾಳೆ, ಅಭ್ಯಾಸ

ಬಂದ ಉತ್ತರವನ್ನು ಸಮೀಕರಣಕ್ಕೆ ಹಾಕಿ ಪರೀಕ್ಷಿಸುವುದು ಕರಣಿ ಇದ್ದಾಗ ಬೇಸರದ ಕೆಲಸ. ಮೂಲಗಳ ಮೊತ್ತ −ಬ/ಅ, ಗುಣಲಬ್ಧ ಕ/ಅ ಎಂಬುದನ್ನು ಬಳಸಿದರೆ ಅರ್ಧ ನಿಮಿಷ ಸಾಕು. (5 + √10)/3 ಮತ್ತು (5 − √10)/3 ಕೂಡಿದರೆ ಕರಣಿಗಳು ಹೋಗಿ 10/3; ಗುಣಿಸಿದರೆ (25 − 10)/9 = 5/3. ಸಮೀಕರಣ 3ಯ² − 10ಯ + 5 = 0 ಹೇಳುವುದೂ ಅದನ್ನೇ. ಸರಳಗೊಳಿಸುವಾಗ ಆದ ತಪ್ಪನ್ನು ಮುಖ್ಯವಾಗಿ ಹಿಡಿಯುವುದು ಗುಣಲಬ್ಧ. ಬರೀ ಮೊತ್ತ ನೋಡಿದರೆ ಕರಣಿಯ ತಪ್ಪು ತಪ್ಪಿಸಿಕೊಳ್ಳುತ್ತದೆ, ಏಕೆಂದರೆ ಒಳಗೆ ಏನೇ ಇದ್ದರೂ ಕೂಡುವಾಗ ಅದು ಹೊಡೆದುಹೋಗುತ್ತದೆ.

ಕೈ ಪಳಗಿಸಲು ಐದು ಲೆಕ್ಕಗಳು ಇಲ್ಲಿವೆ. ಪ್ರತಿಯೊಂದರಲ್ಲೂ ಮೊದಲು ಶೋಧಕ, ಅದು ತೋರಿಸಿದ ವಿಧಾನ, ಸರಳ ರೂಪ, ಗುಣಲಬ್ಧದ ತಾಳೆ ಎಂಬ ಕ್ರಮದಲ್ಲೇ ಹೋಗಬೇಕು.

ಯ² − 6ಯ + 4 = 0
2ಯ² + ಯ − 4 = 0
4ಯ² + 4√3ಯ + 3 = 0
5ಯ² − 8ಯ + 2 = 0

ಐದನೆಯದು ಮಹಾವೀರಾಚಾರ್ಯರ ಒಂಟೆಗಳು: ಹಿಂಡಿನ ಕಾಲು ಭಾಗ ಕಾಡಿನಲ್ಲಿದೆ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋಗಿದೆ, ಐದರ ಮೂರರಷ್ಟು ಒಂಟೆಗಳು ಹೊಳೆಯ ದಂಡೆಯಲ್ಲಿವೆ. ಹಿಂಡು ಎಷ್ಟು? ಇಲ್ಲೂ ವರ್ಗಮೂಲಕ್ಕೇ ಯ ಎಂದಿಡಬೇಕು; ಆಗ 3ಯ² − 8ಯ − 60 = 0 ಬರುತ್ತದೆ.

ಉತ್ತರಗಳು: ಮೊದಲನೆಯದಕ್ಕೆ 3 ± √5. ಎರಡನೆಯದಕ್ಕೆ (−1 ± √33)/4; ಶೋಧಕ 33 = 3 × 11, ಇನ್ನು ಅಡಕವಾಗದು. ಮೂರನೆಯದರಲ್ಲಿ ಶೋಧಕ 48 − 48 = 0, ಎರಡೂ ಮೂಲಗಳು −√3/2. ನಾಲ್ಕನೆಯದಕ್ಕೆ (4 ± √6)/5. ಒಂಟೆಗಳ ಲೆಕ್ಕದಲ್ಲಿ ಶೋಧಕ 64 + 720 = 784, ಅದು 28ರ ವರ್ಗ; ಯ = 6 ಅಥವಾ −10/3. ಎರಡನೆಯದನ್ನು ಬಿಟ್ಟರೆ ಹಿಂಡು 36: ಕಾಡಿನಲ್ಲಿ 9, ಬೆಟ್ಟದಲ್ಲಿ 12, ಹೊಳೆಯ ದಂಡೆಯಲ್ಲಿ 15.